ಮಾತಾಡುತ್ತಾ ಹತ್ತಿದ ಬೆಟ್ಟ

ಎರಡು ಮಹಡಿ ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲಬೇಕಿತ್ತು. ಆಗ ನನಗೆ 43 ವರ್ಷ. ಬಿಪಿ ಜಾಸ್ತಿ ಇತ್ತು, ಸಕ್ಕರೆ ಅಂಚಿಗೆ ಬಂದು ಕೂತಿತ್ತು. ರಾತ್ರಿ 2 ಗಂಟೆಯಾದರೂ ನಿದ್ದೆ ಬರುತ್ತಿರಲಿಲ್ಲ. ಡಾಕ್ಟರು ಇಸಿಜಿ ನೋಡಿ, ಮಾತ್ರೆ ಬರೆದು, "ನಡೆಯಿರಿ, ಆದರೆ ನಿಧಾನಕ್ಕೆ" ಎಂದರು.

ಆ "ನಿಧಾನಕ್ಕೆ" ಎಷ್ಟು ಮುಖ್ಯ ಅಂತ ಮೊದಲ ಬೆಟ್ಟದಲ್ಲೇ ತಿಳಿಯಿತು. ಜೊತೆಯವರ ಹೆಜ್ಜೆಗೆ ಹೆಜ್ಜೆ ಹಾಕಲು ಹೋದೆ. ಅರ್ಧ ದಾರಿಗೆ ಎದೆ ಡವಡವ, ಕಣ್ಣು ಕತ್ತಲೆ. ಒಂದು ಬಂಡೆಯ ನೆರಳಲ್ಲಿ ಕೂತು ಸುಧಾರಿಸಿಕೊಂಡು ಅಲ್ಲಿಂದಲೇ ಇಳಿದು ಬಂದೆ.

ಮುಂದಿನ ಎರಡು ತಿಂಗಳು ಬೆಟ್ಟದ ಮಾತೇ ಇಲ್ಲ. ವಾರಕ್ಕೆ 5 ದಿನ, ದಿನಕ್ಕೆ 30 ನಿಮಿಷ ಸಮತಟ್ಟು ನೆಲದಲ್ಲಿ ನಡಿಗೆ. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅಷ್ಟೇ ಅಲ್ವಾ? ಬೆಳಿಗ್ಗೆ ಬಿಸಿಲು ಮೈಮೇಲೆ ಬೀಳುವ ಹೊತ್ತಿಗೇ ಹೊರಡುತ್ತಿದ್ದೆ. ಮೊದಲು ವಾಪಸ್ ಬಂದದ್ದು ನಿದ್ದೆ. ಬೆಳಗಿನ ಬೆಳಕು ದೇಹದ ಗಡಿಯಾರವನ್ನು ಸರಿಮಾಡುತ್ತದೆ ಎಂಬುದನ್ನು ನಾನು ಅನುಭವಿಸಿಯೇ ನಂಬಿದ್ದು.

ಮತ್ತೆ ಏರು ಹಿಡಿದಾಗ ಒಂದೇ ನಿಯಮ ಇಟ್ಟುಕೊಂಡೆ. ಒಂದು ವಾಕ್ಯ ಪೂರ್ತಿ ಆಡಲು ಉಸಿರು ಸಾಲದಿದ್ದರೆ ವೇಗ ಜಾಸ್ತಿ ಆಯ್ತು ಅಂತ ಲೆಕ್ಕ. ಆಗ ಹೆಜ್ಜೆ ಚಿಕ್ಕದು ಮಾಡುತ್ತಿದ್ದೆ. ಒಬ್ಬನೇ ಇದ್ದರೆ ಸುಮ್ನೆ ಗಟ್ಟಿಯಾಗಿ ಎಣಿಸುತ್ತಾ ಹೋಗುತ್ತಿದ್ದೆ. ಹೊತ್ತಿನ ಲೆಕ್ಕಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವಿದೆ: ಸುಮಾರು 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಗಟ್ಟಿಮುಟ್ಟಾದವರ ಲೆಕ್ಕ ಅದು. ನಾನು ಅದನ್ನು ದುಪ್ಪಟ್ಟು ಮಾಡಿಕೊಂಡೆ. ಅವಸರ ಅಲ್ಲಿಗೇ ಹೋಯಿತು.

ಏರುವುದಕ್ಕಿಂತ ನನ್ನನ್ನು ಕಾಡಿದ್ದು ಇಳಿಯುವುದು. ಇಳಿಯುವಾಗ ತೊಡೆಯ ಸ್ನಾಯು ಭಾರ ಹೊತ್ತುಕೊಂಡೇ ಹಿಗ್ಗಬೇಕು. ಆ ನೋವು ಅವತ್ತು ಗೊತ್ತಾಗುವುದಿಲ್ಲ, ಮರುದಿನ, ಅದರಾಚೆ ದಿನ ಹಿಡಿದುಕೊಳ್ಳುತ್ತದೆ. ಮೊದಮೊದಲು ಮಂಡಿ ಕೆಟ್ಟಿತೇನೋ ಎಂದು ಹೆದರಿದ್ದೆ. ಎರಡು ಕೋಲು ಹಿಡಿದು, ಮಂಡಿ ಸ್ವಲ್ಪ ಬಾಗಿಸಿ, ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಇಳಿಯಲು ಕಲಿತ ಮೇಲೆ ಆ ಭಯ ಬಿಟ್ಟಿತು. ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ: ತುದಿಯಲ್ಲಿ ಶಕ್ತಿ ಅರ್ಧದಷ್ಟಾದರೂ ಉಳಿದಿರಲಿ.

ಎಂಟು ತಿಂಗಳಾದ ಮೇಲೆ ರಕ್ತ ಪರೀಕ್ಷೆ ಮಾಡಿಸಿದೆ. ಮೂರು ತಿಂಗಳ ಸರಾಸರಿ ಸಕ್ಕರೆ ಅಂಚಿನಿಂದ ಹಿಂದೆ ಸರಿದಿತ್ತು. ನಡೆಯುವ ಸ್ನಾಯು ರಕ್ತದ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದಂತೆ. ಡಾಕ್ಟರು ವಿವರಿಸಿದಾಗ ಕಣ್ಣು ತುಂಬಿ ಬಂತು. ಬಿಪಿ ಮಾತ್ರೆ ನಿಂತಿಲ್ಲ, ಅರ್ಧಕ್ಕೆ ಇಳಿದಿದೆ. ಇಳಿಸಿದ್ದು ಅವರೇ, ನಾನಲ್ಲ.

ಬರುವ ಭಾನುವಾರ ಆ ಬಂಡೆಯ ದಾರಿಗೇ ಹೊರಟಿದ್ದೇನೆ. ತುದಿಗೆ 5 ಕಿ.ಮೀ., 600 ಮೀಟರ್ ಏರು. ನಾಲ್ಕು ಗಂಟೆ ಇಟ್ಟುಕೊಂಡಿದ್ದೇನೆ.