ಕಕ್ಷಿದಾರರ ವಿವರ ಬದಲಾದಾಗ ಜಿಎಸ್‌ಟಿ ನೋಂದಣಿಯನ್ನು ತಿದ್ದಿಸುವ ಕ್ರಮ

ಕಕ್ಷಿದಾರರು ಅಂಗಡಿಯನ್ನು ಬೇರೆ ಬೀದಿಗೆ ಒಯ್ಯುತ್ತಾರೆ, ಹೊಸ ಪಾಲುದಾರರನ್ನು ಸೇರಿಸಿಕೊಳ್ಳುತ್ತಾರೆ, ಮದುವೆಯ ನಂತರ ಹೆಸರು ಬದಲಿಸಿಕೊಳ್ಳುತ್ತಾರೆ, ಹಳೆಯ ಮೊಬೈಲ್ ಸಂಖ್ಯೆಯನ್ನು ಬಿಟ್ಟುಬಿಡುತ್ತಾರೆ. ಇದನ್ನೆಲ್ಲ ತಮ್ಮ ತೆರಿಗೆ ಸಲಹೆಗಾರರಿಗೆ ತಿಳಿಸಬೇಕೆಂದು ಅವರಿಗೆ ತೋಚುವ ಹೊತ್ತಿಗೆ ಎಷ್ಟೋ ಸಲ ಎರಡು ಮೂರು ತಿಂಗಳು ಕಳೆದಿರುತ್ತವೆ. ಜಿಎಸ್‌ಟಿ ನಿಯಮ 19ರ ಪ್ರಕಾರ ನೋಂದಣಿಯ ವಿವರ ಬದಲಾದ 15 ದಿನಗಳೊಳಗೆ ಆರ್‌ಇಜಿ-14 ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕು. ಆದ್ದರಿಂದ ಪ್ರತಿ ತಿಂಗಳು ಬಿಲ್ಲುಗಳನ್ನು ತರಿಸಿಕೊಳ್ಳುವಾಗಲೇ ವಿಳಾಸ, ಫೋನ್, ಪಾಲುದಾರರು, ಬ್ಯಾಂಕ್ ಖಾತೆ ಇವುಗಳಲ್ಲಿ ಏನಾದರೂ ಬದಲಾಗಿದೆಯೇ ಎಂದು ಕೇಳುವ ರೂಢಿಯನ್ನು ಸಲಹೆಗಾರರೇ ಇಟ್ಟುಕೊಳ್ಳುವುದು ಒಳ್ಳೆಯದು.

ಮೊದಲು ಅಧಿಕಾರದ ಪ್ರಶ್ನೆಯನ್ನು ಬಗೆಹರಿಸಿಕೊಳ್ಳಬೇಕು. ನೋಂದಾಯಿತ ಜಿಎಸ್‌ಟಿ ಪ್ರಾಕ್ಟೀಷನರ್ (ವ್ಯಾಪಾರಿಗಳ ಪರವಾಗಿ ಜಿಎಸ್‌ಟಿ ಕೆಲಸ ಮಾಡಲು ಇಲಾಖೆಯಲ್ಲಿ ಹೆಸರು ನೋಂದಾಯಿಸಿಕೊಂಡವರು) ಆಗಿದ್ದವರನ್ನು ಕಕ್ಷಿದಾರರು ಪೋರ್ಟಲ್‌ನಲ್ಲಿ ಪಿಸಿಟಿ-05 ನಮೂನೆಯ ಮೂಲಕ ನೇಮಿಸಿಕೊಂಡಿದ್ದರೆ, ಅವರ ಪರವಾಗಿ ತಿದ್ದುಪಡಿ ಅರ್ಜಿ ಸಲ್ಲಿಸಲು ನಿಯಮ 83 ಅವಕಾಶ ಕೊಡುತ್ತದೆ. ಆದರೆ ಅದೇ ನಿಯಮ ಇನ್ನೊಂದು ಮಾತನ್ನೂ ಸೇರಿಸುತ್ತದೆ: ಹಣ ವಾಪಸಾತಿ, ನೋಂದಣಿ ತಿದ್ದುಪಡಿ ಮತ್ತು ನೋಂದಣಿ ರದ್ದತಿಯ ಅರ್ಜಿಗಳನ್ನು ಪ್ರಾಕ್ಟೀಷನರ್ ಸಲ್ಲಿಸಿದಾಗ, ನೋಂದಾಯಿತ ವ್ಯಕ್ತಿ ಪೋರ್ಟಲ್‌ನಲ್ಲಿ ಒಪ್ಪಿಗೆ ಕೊಡುವವರೆಗೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಕಕ್ಷಿದಾರರದೇ ಲಾಗಿನ್ ಮತ್ತು ಪಾಸ್‌ವರ್ಡ್ ಬಳಸಿ ಕೆಲಸ ಮುಗಿಸುವ ಕಚೇರಿಗಳಲ್ಲಿ ಈ ತಡೆ ಇಲ್ಲದಂತಾಗುತ್ತದೆ. ಅಂಥಲ್ಲಿ, ಏನು ಬದಲಾಗಿದೆ, ಯಾವ ದಿನದಿಂದ ಬದಲಾಗಿದೆ ಎಂಬುದನ್ನು ಕಕ್ಷಿದಾರರಿಂದ ಬರವಣಿಗೆಯಲ್ಲಿ ಪಡೆದು, ವಾಟ್ಸ್‌ಆ್ಯಪ್ ಸಂದೇಶವಾದರೂ ಸರಿ, ಕಡತಕ್ಕೆ ಸೇರಿಸದೆ ಅರ್ಜಿಗೆ ಕೈ ಹಾಕಬಾರದು.

ಹೆಸರಿನ ಬದಲಾವಣೆಯಾದರೆ ಕ್ರಮ ತಪ್ಪುವಂತಿಲ್ಲ. ಜಿಎಸ್‌ಟಿ ಪೋರ್ಟಲ್ ಕಾನೂನುಬದ್ಧ ಹೆಸರನ್ನು ಪ್ಯಾನ್ ದತ್ತಾಂಶದೊಂದಿಗೆ ಹೋಲಿಸಿ ನೋಡುವುದರಿಂದ, ಮೊದಲು ಆಧಾರ್, ಆಮೇಲೆ ಪ್ಯಾನ್, ಅದು ತಿದ್ದುಪಡಿಯಾದ ಮೇಲೆ ಬ್ಯಾಂಕ್ ಖಾತೆ ಮತ್ತು ಜಿಎಸ್‌ಟಿ ಎಂಬ ಸರಣಿಯಲ್ಲೇ ಹೋಗಬೇಕು. ಪ್ಯಾನ್ ತಿದ್ದುಪಡಿಯನ್ನು ಪ್ಯಾನ್ ಸೇವೆ ಒದಗಿಸುವ ಪ್ರೋಟಿಯನ್ ಅಥವಾ ಯುಟಿಐಐಟಿಎಸ್‌ಎಲ್ ಸಂಸ್ಥೆಗಳ ಮೂಲಕ ಮಾಡಿಸಬಹುದು. ಇದರಿಂದ ಹೆಸರು ಬದಲಾಗುತ್ತದೆಯೇ ಹೊರತು ಸಂಖ್ಯೆ ಬದಲಾಗುವುದಿಲ್ಲ. ನಮ್ಮ ಕಡೆಯ ಹೆಸರುಗಳಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳೇ ಇನಿಷಿಯಲ್ ಆಗಿರುತ್ತವೆ. ಆಧಾರ್‌ನಲ್ಲಿ ಇನಿಷಿಯಲ್ ಮಾತ್ರ ಇದ್ದು, ಪ್ಯಾನ್‌ನಲ್ಲಿ ಅದನ್ನೇ ಬಿಡಿಸಿ ಬರೆದಿರುವುದು ತೀರಾ ಸಾಮಾನ್ಯ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಅಕ್ಷರ ಅಕ್ಷರವಾಗಿ ಓದಿಕೊಂಡ ಮೇಲೆಯೇ ಜಿಎಸ್‌ಟಿ ಪೋರ್ಟಲ್ ತೆರೆಯಬೇಕು.

ಪೋರ್ಟಲ್‌ನಲ್ಲಿ ತಿದ್ದುಪಡಿಗಳು ಕೋರ್ ಮತ್ತು ನಾನ್‌ಕೋರ್ ಎಂದು ಎರಡು ಬಗೆ. ವ್ಯವಹಾರದ ಹೆಸರು, ವ್ಯವಹಾರದ ಮುಖ್ಯ ಸ್ಥಳ ಮತ್ತು ಹೆಚ್ಚುವರಿ ಸ್ಥಳಗಳು, ಪಾಲುದಾರರ ಅಥವಾ ನಿರ್ದೇಶಕರ ಸೇರ್ಪಡೆ ಮತ್ತು ನಿರ್ಗಮನ ಇವು ಕೋರ್. ಇವುಗಳಿಗೆ ಅಧಿಕಾರಿಯ ಮಂಜೂರಾತಿ ಬೇಕು. ಬ್ಯಾಂಕ್ ಖಾತೆಯಂಥ ಉಳಿದ ವಿವರಗಳು ಅರ್ಜಿ ಸಲ್ಲಿಸಿದ ಕೂಡಲೇ ತಿದ್ದುಪಡಿಯಾಗುತ್ತವೆ.

ಹೆಚ್ಚು ಅರ್ಜಿಗಳು ತೊಡಕಿಗೆ ಬೀಳುವುದು ವಿಳಾಸದ ವಿಷಯದಲ್ಲಿ. ಹುಬ್ಬಳ್ಳಿಯ ಬಟ್ಟೆ ವ್ಯಾಪಾರಿಯೊಬ್ಬರು ಕೊಪ್ಪಿಕರ್ ರಸ್ತೆಯ ಬಾಡಿಗೆ ಮಳಿಗೆಯನ್ನು ಬಿಟ್ಟು ಗೋಕುಲ ರಸ್ತೆಯ ಮಳಿಗೆಗೆ ಹೋದರೆಂದು ಇಟ್ಟುಕೊಳ್ಳೋಣ. ಬಾಡಿಗೆ ಕರಾರು, ಮಾಲೀಕರ ಹೆಸರಿನಲ್ಲಿರುವ ಹೆಸ್ಕಾಂ ವಿದ್ಯುತ್ ಬಿಲ್ ಅಥವಾ ಪಾಲಿಕೆಯ ತೆರಿಗೆ ರಸೀದಿ, ಕರಾರು ನೋಂದಣಿಯಾಗಿರದಿದ್ದರೆ ಮಾಲೀಕರ ಗುರುತಿನ ಚೀಟಿಯ ಪ್ರತಿ, ಇಷ್ಟನ್ನು ಮೊದಲೇ ಒಟ್ಟುಗೂಡಿಸಿಕೊಳ್ಳಬೇಕು. ಮಳಿಗೆ ಗಂಡನ ಅಥವಾ ತಂದೆಯ ಹೆಸರಿನಲ್ಲಿದ್ದರೆ ಬಿಳಿ ಹಾಳೆಯ ಮೇಲಿನ ಒಪ್ಪಿಗೆ ಪತ್ರ, ಒಪ್ಪಿಗೆ ಕೊಟ್ಟವರ ಗುರುತಿನ ಚೀಟಿ, ಮಾಲೀಕತ್ವದ ಒಂದು ದಾಖಲೆ ಇರಬೇಕು. ಹೊಸ ನೋಂದಣಿಯ ಅರ್ಜಿಗಳಿಗೆ 2025ರ ಏಪ್ರಿಲ್‌ನಲ್ಲಿ ಕೇಂದ್ರ ಪರೋಕ್ಷ ತೆರಿಗೆ ಮತ್ತು ಸುಂಕ ಮಂಡಳಿಯು ತನ್ನ ಅಧಿಕಾರಿಗಳಿಗೆ ಕೊಟ್ಟ ಸೂಚನೆಯಲ್ಲಿರುವ ಪಟ್ಟಿ ಹೆಚ್ಚುಕಡಿಮೆ ಇದೇ ಆಗಿದ್ದು, ತಿದ್ದುಪಡಿಗೂ ಅದನ್ನೇ ಅಳತೆಯಾಗಿ ಇಟ್ಟುಕೊಂಡರೆ ಕಡತ ಗಟ್ಟಿಯಾಗಿರುತ್ತದೆ. ಕರಾರಿನಲ್ಲಿ ಮಳಿಗೆ ಸಂಖ್ಯೆ 4 ಎಂದಿದ್ದು ವಿದ್ಯುತ್ ಬಿಲ್ಲಿನಲ್ಲಿ ಬರೀ ಕಟ್ಟಡದ ಹೆಸರಿದ್ದರೆ, ಎರಡೂ ಒಂದೇ ಜಾಗ ಎಂಬುದನ್ನು ಮಾಲೀಕರಿಂದ ಒಂದು ಸಾಲಿನಲ್ಲಿ ಬರೆಸಿ ಲಗತ್ತಿಸಬೇಕು. ಬದಲಾವಣೆಯ ಕಾರಣ ಮತ್ತು ದಿನಾಂಕವನ್ನು ಪೋರ್ಟಲ್ ಕೇಳುತ್ತದೆ. ಆ ದಿನಾಂಕ ಬಾಡಿಗೆ ಕರಾರಿಗೆ ಹೊಂದುವಂತಿರಲಿ.

ಅರ್ಜಿ ಸಲ್ಲಿಕೆಯಾದ ಮೇಲೆ ಎಆರ್‌ಎನ್ ಎಂಬ ಅರ್ಜಿ ಉಲ್ಲೇಖ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಪೋರ್ಟಲ್‌ನಲ್ಲಿ ಅರ್ಜಿಯ ಸ್ಥಿತಿಯನ್ನು ಆಗಾಗ ನೋಡುತ್ತಿರಬೇಕು. ಅಧಿಕಾರಿ 15 ಕೆಲಸದ ದಿನಗಳೊಳಗೆ ಮಂಜೂರು ಮಾಡಬೇಕು ಅಥವಾ ಆರ್‌ಇಜಿ-03ರಲ್ಲಿ ವಿವರಣೆ ಕೇಳಬೇಕು. ಎರಡೂ ಆಗದಿದ್ದರೆ ತಿದ್ದುಪಡಿ ಮಂಜೂರಾದಂತೆ ಎಂದು ನಿಯಮ ಹೇಳುತ್ತದೆ. ವಿವರಣೆ ಕೇಳಿದಾಗ ಉತ್ತರಕ್ಕೆ ಇರುವುದು 7 ಕೆಲಸದ ದಿನಗಳು ಮಾತ್ರ. ತಿದ್ದುಪಡಿ ಅರ್ಜಿ ಸಲ್ಲಿಸಿದ ದಿನಕ್ಕಿಂತ ಹಿಂದಿನ ದಿನಾಂಕದಿಂದ ಜಾರಿಯಾಗಬೇಕಾದರೆ ಕಮಿಷನರ್ ಆದೇಶವೇ ಬೇಕಾಗುತ್ತದೆ. ತಡವಾದಷ್ಟೂ ಕಕ್ಷಿದಾರರಿಗೆ ತೊಂದರೆ ಎನ್ನುವುದು ಇದಕ್ಕಾಗಿಯೇ. ಘೋಷಿಸಿದ ಸ್ಥಳದಲ್ಲಿ ವ್ಯಾಪಾರ ನಡೆಯುತ್ತಿಲ್ಲವೆಂದು ಪರಿಶೀಲನೆಗೆ ಬಂದ ಅಧಿಕಾರಿಗೆ ಕಂಡುಬಂದರೆ, ನಿಯಮ 21ರಡಿ ನೋಂದಣಿಯನ್ನೇ ರದ್ದುಮಾಡಲು ಅದು ಸಾಕಾಗುವ ಕಾರಣ.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾಗಿರುವುದು ಮೊಬೈಲ್ ಸಂಖ್ಯೆ ಮತ್ತು ಇಮೇಲ್ ವಿಷಯದಲ್ಲಿ. ಕೆಲಸ ಸುಲಭವಾಗಲೆಂದು ಸಲಹೆಗಾರರು ತಮ್ಮದೇ ಸಂಖ್ಯೆಯನ್ನು ಕಕ್ಷಿದಾರರ ನೋಂದಣಿಯಲ್ಲಿ ಹಾಕುವುದು ಹಳೆಯ ಚಾಳಿ. ಹೀಗೆ ಮಾಡಿದ ಮಧ್ಯವರ್ತಿಗಳು ಲಾಗಿನ್ ವಿವರ ಕೊಡುತ್ತಿಲ್ಲವೆಂಬ ದೂರುಗಳು ಹೆಚ್ಚಿದ್ದರಿಂದಲೇ, ವ್ಯಾಪ್ತಿಯ ಅಧಿಕಾರಿಗೆ ದಾಖಲೆ ತೋರಿಸಿ ಸಂಪರ್ಕ ವಿವರ ಬದಲಿಸಿಕೊಳ್ಳುವ ವ್ಯವಸ್ಥೆಯನ್ನು 2018ರಲ್ಲಿ ಮಾಡಬೇಕಾಯಿತು. ನೋಟಿಸನ್ನು ಇಮೇಲ್ ಮಾಡುವುದು, ಪೋರ್ಟಲ್‌ನಲ್ಲಿ ಲಭ್ಯವಾಗಿಸುವುದು ಇವೆರಡೂ ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 169ರಲ್ಲಿ ಹೇಳಿರುವ ಜಾರಿ ವಿಧಾನಗಳೇ. ಮೇಲ್ಮನವಿಗೆ ಇರುವ 3 ತಿಂಗಳ ಗಡುವು, ಆದೇಶ ಬಂದಿರುವುದೇ ತಿಳಿಯದ ವ್ಯಾಪಾರಿಯ ಪಾಲಿಗೆ ಸದ್ದಿಲ್ಲದೆ ಮುಗಿದುಹೋಗಬಹುದು. ಆದ್ದರಿಂದ ಪ್ರಾಥಮಿಕ ಅಧಿಕೃತ ಸಹಿದಾರರ (ನೋಂದಣಿಯ ಪರವಾಗಿ ಸಹಿ ಮಾಡುವ ಮುಖ್ಯ ವ್ಯಕ್ತಿಯ) ಸಂಪರ್ಕವಾಗಿ ಕಕ್ಷಿದಾರರ ಸ್ವಂತ ಸಂಖ್ಯೆಯೇ ಇರಬೇಕು. ಒಟಿಪಿ ದೃಢೀಕರಣವಾದ ನಂತರವೇ ಅದು ಬದಲಾಗುವುದರಿಂದ, ಈ ತಿದ್ದುಪಡಿಯನ್ನು ಅವರನ್ನು ಎದುರಿಗೆ ಕೂರಿಸಿಕೊಂಡೇ ಮಾಡುವುದು ಸರಿ. ಬೇರೆ ಸಲಹೆಗಾರರಿಂದ ಹೊಸ ಕಕ್ಷಿದಾರರು ಬಂದಾಗಲೂ ಮೊದಲು ನೋಡಬೇಕಾದದ್ದು ಇದನ್ನೇ.

ಕೆಲವು ಬದಲಾವಣೆಗಳಿಗೆ ತಿದ್ದುಪಡಿಯ ದಾರಿಯೇ ಇಲ್ಲ. ಕರ್ನಾಟಕದ ಜಿಎಸ್‌ಟಿ ಸಂಖ್ಯೆ 29ರಿಂದ ಶುರುವಾಗುತ್ತದೆ, ಅದರ ಮುಂದಿನ ಹತ್ತು ಅಕ್ಷರಗಳು ಪ್ಯಾನ್. ಹೀಗಾಗಿ ವ್ಯಾಪಾರ ಬೇರೆ ರಾಜ್ಯಕ್ಕೆ ಹೋದರೆ, ಅಥವಾ ಒಬ್ಬರ ಮಾಲೀಕತ್ವ ಪಾಲುದಾರಿಕೆಯಾಗಿ ಪ್ಯಾನ್ ಬದಲಾದರೆ, ಹೊಸ ನೋಂದಣಿಯನ್ನೇ ಪಡೆಯಬೇಕು.

ಮಂಜೂರಾತಿ ಬಂದ ಮೇಲೆ ಹೊಸ ನೋಂದಣಿ ಪ್ರಮಾಣಪತ್ರವನ್ನು ಮುದ್ರಿಸಿ ಮಳಿಗೆಯಲ್ಲಿ ಕಾಣುವಂತೆ ಹಾಕಿಸಬೇಕು. ಬಿಲ್ ಪುಸ್ತಕ ಮತ್ತು ಬಿಲ್ಲಿಂಗ್ ತಂತ್ರಾಂಶದಲ್ಲಿ ವಿಳಾಸ ಬದಲಿಸಬೇಕು. ಇ-ವೇ ಬಿಲ್ ಪೋರ್ಟಲ್‌ನಲ್ಲಿ ಹೊಸ ವಿಳಾಸ ಬಂದಿದೆಯೇ ನೋಡಿ, ಬಂದಿರದಿದ್ದರೆ ಅಲ್ಲಿರುವ ಅಪ್‌ಡೇಟ್ ಆಯ್ಕೆಯನ್ನು ಬಳಸಬೇಕು. ಜಿಎಸ್‌ಟಿಯಲ್ಲಿ ಮಾಡಿದ ತಿದ್ದುಪಡಿಯಿಂದ ಆದಾಯ ತೆರಿಗೆ ಪೋರ್ಟಲ್‌ನ ಸಂಪರ್ಕ ವಿವರಗಳಾಗಲಿ, ರಾಜ್ಯದ ವೃತ್ತಿ ತೆರಿಗೆಯ ದಾಖಲೆಗಳಾಗಲಿ ತಾವಾಗಿಯೇ ಬದಲಾಗುತ್ತವೆಂದು ನೆಚ್ಚಿಕೊಳ್ಳದೆ, ಅವುಗಳಿಗೂ ಅದೇ ವಾರ ಬೇರೆಬೇರೆಯಾಗಿ ಕೋರಿಕೆ ಸಲ್ಲಿಸಿ ಸ್ವೀಕೃತಿಗಳನ್ನು ಕಕ್ಷಿದಾರರ ಕಡತದಲ್ಲಿ ಇಡಬೇಕು.