ಫೋಟೋಶಾಪ್ ಚಂದಾ ಬಿಟ್ಟು ಕೊಡವ ಮದುವೆಯ ಆಲ್ಬಮ್: ನನ್ನ ಅನುಭವ

ಫೋಟೋಶಾಪ್ ಬಿಟ್ಟು ಉಚಿತ ಸಾಫ್ಟ್‌ವೇರ್ ಗಿಂಪ್‌ಗೆ ಹೋಗುತ್ತೇನೆ ಎಂದಾಗ ಗೋಣಿಕೊಪ್ಪ, ವಿರಾಜಪೇಟೆ ಕಡೆಯ ಸ್ಟುಡಿಯೋ ಗೆಳೆಯರದು ಒಂದೇ ಮಾತಾಗಿತ್ತು: "ಗಿಂಪ್‌ನಲ್ಲಿ ಪಾಸ್‌ಪೋರ್ಟ್ ಫೋಟೋ ಆಗಬಹುದು, 12×36 ಇಂಚಿನ ಆಲ್ಬಮ್ ಆಗುವುದಿಲ್ಲ. ಲ್ಯಾಬ್‌ನವರು ಫೈಲ್ ವಾಪಸ್ ಕಳಿಸ್ತಾರೆ ನೋಡಿ." ಈ ಸೀಸನ್‌ನಲ್ಲಿ ನನ್ನ ಆಲ್ಬಮ್‌ಗಳೆಲ್ಲ ಡಾರ್ಕ್‌ಟೇಬಲ್ (ಲೈಟ್‌ರೂಮ್ ಬದಲಿಗೆ ಬಳಸುವ ಉಚಿತ ಸಾಫ್ಟ್‌ವೇರ್) ಮತ್ತು ಗಿಂಪ್‌ನಿಂದಲೇ ಹೊರಟವು. ಒಂದು ಶೀಟೂ ವಾಪಸ್ ಬರಲಿಲ್ಲ.

ಮೊದಲು ದುಡ್ಡಿನ ಮಾತು. ನಾನು ಕಟ್ಟುತ್ತಿದ್ದ ಫೋಟೋಶಾಪ್-ಲೈಟ್‌ರೂಮ್ ಚಂದಾ ತಿಂಗಳಿಗೆ ₹800ರ ಆಸುಪಾಸು. ಒಂದು ಖಾತೆಯನ್ನು ಎರಡು ಯಂತ್ರಗಳಲ್ಲಿ ಹಾಕಿಕೊಳ್ಳಬಹುದು, ಆದರೆ ಏಕಕಾಲಕ್ಕೆ ಇಬ್ಬರು ಕೂತು ಕೆಲಸ ಮಾಡುವಂತಿಲ್ಲ. ಹಾಗಾಗಿ ಇಬ್ಬರಿಗೆ ಎರಡು ಚಂದಾ, ವರ್ಷಕ್ಕೆ ಇಪ್ಪತ್ತು ಸಾವಿರದ ಹತ್ತಿರ. ಮಳೆಗಾಲದಲ್ಲಿ ಮದುವೆಯೇ ಇಲ್ಲದ ತಿಂಗಳುಗಳಿಗೂ ಕಟ್ಟಬೇಕು. ಅದೇ ದುಡ್ಡಿಗೆ 32 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ, ಮಾನಿಟರ್ ಅಳೆಯುವ ಕ್ಯಾಲಿಬ್ರೇಟರ್ ಬಂತು. ಇಡೀ ಬದಲಾವಣೆಯಲ್ಲಿ ಹೆಚ್ಚು ಫಲ ಕೊಟ್ಟದ್ದು ಆ ಕ್ಯಾಲಿಬ್ರೇಟರ್.

ಯಾಕೆಂದರೆ "ಫ್ರೀ ಸಾಫ್ಟ್‌ವೇರ್‌ನಲ್ಲಿ ಮಾಡಿದರೆ ಪ್ರಿಂಟ್ ಕಪ್ಪಾಗುತ್ತದೆ" ಎನ್ನುವ ದೂರಿಗೆ ಕಾರಣ ಸಾಫ್ಟ್‌ವೇರ್ ಅಲ್ಲ, ಮಾನಿಟರ್‌ನ ಬೆಳಕು. ಹೊಸ ಮಾನಿಟರ್‌ಗಳು ಪೂರ್ತಿ ಬೆಳಕಿನಲ್ಲಿ 250 ನಿಟ್ (ತೆರೆಯ ಬೆಳಕಿನ ಅಳತೆ) ದಾಟುತ್ತವೆ. ಅದನ್ನು ನೋಡಿಕೊಂಡು ಎಡಿಟ್ ಮಾಡಿದ ಫೋಟೋ ಕಾಗದದ ಮೇಲೆ ಕಪ್ಪಾಗಲೇಬೇಕು. ಕ್ಯಾಲಿಬ್ರೇಟರ್ ನಡೆಸುವ ಡಿಸ್‌ಪ್ಲೇಕ್ಯಾಲ್ ಸಾಫ್ಟ್‌ವೇರ್ ಹಾಕಿ 100ರಿಂದ 120 ನಿಟ್‌ಗೆ ಇಳಿಸಿ, ಲ್ಯಾಬ್‌ಗೆ ಎಸ್‌ಆರ್‌ಜಿಬಿ (ಸಾಮಾನ್ಯ ಬಣ್ಣದ ಮಾನದಂಡ) ಜೆಪೆಗ್ ಅನ್ನು 95 ಗುಣಮಟ್ಟದಲ್ಲಿ ಕಳಿಸಿದರೆ ಆ ತಕರಾರು ಅಲ್ಲಿಗೇ ಮುಗಿಯಿತು. ಎಸ್‌ಆರ್‌ಜಿಬಿ ಕೇಳುವ ಲ್ಯಾಬ್‌ಗೆ ಅಡೋಬಿ ಆರ್‌ಜಿಬಿ ಎಂಬ ಬೇರೆ ಮಾನದಂಡದಲ್ಲಿ ಕಳಿಸಿದರೆ ಚರ್ಮದ ಬಣ್ಣ ಸತ್ತು ಬರುತ್ತದೆ, ಯಾವ ಸಾಫ್ಟ್‌ವೇರ್ ಆದರೂ.

ನಮ್ಮ ಮದುವೆಯ ಬಣ್ಣಗಳು ಸುಲಭದವಲ್ಲ. ಮದುಮಗನದು ಬಿಳಿ ಕುಪ್ಯ (ಕೊಡವ ಗಂಡಸರ ನಿಲುವಂಗಿ), ಸುತ್ತ ನೆಂಟರದು ಕಪ್ಪು ಕುಪ್ಯ, ಸೊಂಟಕ್ಕೆ ಕೆಂಪು ಚೇಲೆ, ಮದುಮಗಳದು ಜರಿಯ ಕೆಂಪು ಸೀರೆ, ಹಿಂದೆ ಮೋಡ ಮುಚ್ಚಿದ ಆಕಾಶ. ಎಲ್ಲವೂ ಒಂದೇ ಫ್ರೇಮಿನಲ್ಲಿ. ಲೈಟ್‌ರೂಮ್‌ನಲ್ಲಿ ಕ್ಯಾಮೆರಾ ಪ್ರೊಫೈಲ್ ಆರಿಸಿದರೆ ಅರ್ಧ ಕೆಲಸ ಆಯಿತು. ಡಾರ್ಕ್‌ಟೇಬಲ್ ತೆರೆದ ಕೂಡಲೇ ಫೋಟೋ ಸಪ್ಪೆಯಾಗಿ ಕಾಣುತ್ತದೆ, ಹೆಚ್ಚಿನವರು ಅಲ್ಲೇ ಮುಚ್ಚಿ ಎದ್ದುಬಿಡುತ್ತಾರೆ. 2024ರ ಡಿಸೆಂಬರ್‌ನಲ್ಲಿ ಬಂದ 5.0 ಆವೃತ್ತಿಯಿಂದ ಕ್ಯಾಮೆರಾ ಮಾದರಿಗೆ ತಕ್ಕ ಸ್ಟೈಲ್‌ಗಳು ಜೊತೆಗೇ ಬರುತ್ತವೆ. ನಿಮ್ಮ ಕ್ಯಾಮೆರಾದ್ದನ್ನು ಆಮದಾದ ಎಲ್ಲ ಫೈಲ್‌ಗಳಿಗೂ ಒಟ್ಟಿಗೆ ಹಾಕಿ, ಆಮೇಲೆ ಮುಂದುವರಿಯಿರಿ.

ನಾನು ಬಿಳಿ ಕುಪ್ಯ ಸುಡದ ಹಾಗೆ ಅರ್ಧದಿಂದ ಮುಕ್ಕಾಲು ಸ್ಟಾಪ್ (ಬೆಳಕಿನ ಅಳತೆ) ಕಡಿಮೆ ತೆಗೆಯುತ್ತೇನೆ. ಆಮೇಲೆ ಡಾರ್ಕ್‌ಟೇಬಲ್‌ನಲ್ಲಿ ಬೆಳಕು-ನೆರಳನ್ನು ಬೇರೆಬೇರೆಯಾಗಿ ತಿದ್ದುವ ಟೋನ್ ಈಕ್ವಲೈಜರ್‌ನಲ್ಲಿ ಮಾಸ್ಕ್‌ನ ಎಕ್ಸ್‌ಪೋಷರ್ ಮತ್ತು ಕಾಂಟ್ರಾಸ್ಟ್ ಸರಿಪಡಿಸಿಕೊಂಡು, ಕಪ್ಪಿನ ಭಾಗವನ್ನು ಮಾತ್ರ 0.7 ಸ್ಟಾಪ್‌ನಷ್ಟು ಎತ್ತುತ್ತೇನೆ. 1 ದಾಟಿಸಿದರೆ ಕಪ್ಪು ಕುಪ್ಯದಲ್ಲಿ ನಾಯ್ಸ್ (ಕಾಳುಕಾಳು ಚುಕ್ಕೆ) ಏಳುತ್ತದೆ, ಅಂಚಿನಲ್ಲಿ ಪ್ರಭೆ ಕಾಣುತ್ತದೆ. ಕೆಂಪಿನ ಕಥೆ ಬೇರೆ. ಅದೇ ಡಾರ್ಕ್‌ಟೇಬಲ್‌ನಲ್ಲಿ ಫೋಟೋದ ಬೆಳಕನ್ನು ತೆರೆಗೆ ಒಗ್ಗಿಸುವ ಸಿಗ್ಮಾಯ್ಡ್ ಭಾಗದಲ್ಲಿ ಹ್ಯೂ (ಮೂಲ ವರ್ಣ) ಕಾಪಾಡುವ ಸ್ಲೈಡರ್ ಕಡಿಮೆ ಇದ್ದರೆ ಬೆಳಕು ಬಿದ್ದ ಸೀರೆ ಕಿತ್ತಳೆಗೆ ತಿರುಗುತ್ತದೆ. ಅದನ್ನು 100ರ ಹತ್ತಿರ ಇಟ್ಟು, ಕಲರ್ ಬ್ಯಾಲೆನ್ಸ್ ಆರ್‌ಜಿಬಿಯಲ್ಲಿ ಹೈಲೈಟ್‌ನ ಕ್ರೋಮಾ (ಬಣ್ಣದ ಗಾಢತೆ) 15–20 ಇಳಿಸಿದರೆ ಸೀರೆಯ ಮಡಿಕೆ ಉಳಿಯುತ್ತದೆ. ಇಳಿಸದೆ ಬಿಟ್ಟರೆ ಎಸ್‌ಆರ್‌ಜಿಬಿಗೆ ಹೋಗುವಾಗ ಕೆಂಪು ಚಾನೆಲ್ ತುಂಬಿಹೋಗಿ ಸೀರೆ ಒಂದೇ ಬಣ್ಣದ ಹಾಳೆಯಾಗುತ್ತದೆ. ಕರೆಂಟ್ ಹೋದರೂ ಇಲ್ಲಿ ಹೆಚ್ಚು ನಷ್ಟವಿಲ್ಲ. ಡಾರ್ಕ್‌ಟೇಬಲ್ ಬದಲಾವಣೆಗಳನ್ನು ತಾನಾಗಿಯೇ ತನ್ನ ಡೇಟಾಬೇಸ್‌ನಲ್ಲೂ ಫೋಟೋದ ಪಕ್ಕದ ಎಕ್ಸ್‌ಎಂಪಿ ಫೈಲಿನಲ್ಲೂ ಬರೆದಿಡುತ್ತದೆ. ಗಿಂಪ್‌ನಲ್ಲಿ ಆ ಭರವಸೆ ಇಲ್ಲ, ಯುಪಿಎಸ್ ಇರಲೇಬೇಕು.

ಈಗ ಶೀಟ್. 300 ಡಿಪಿಐಗೆ 12×36 ಇಂಚು ಎಂದರೆ 3600×10800 ಪಿಕ್ಸೆಲ್, ಹತ್ತಿರಹತ್ತಿರ 39 ಮೆಗಾಪಿಕ್ಸೆಲ್. ಗಿಂಪ್‌ನಲ್ಲಿ 8 ಬಿಟ್ ಇಟ್ಟರೆ ಪೂರ್ತಿ ಅಳತೆಯ ಒಂದು ಲೇಯರ್ 155 ಎಂಬಿ ತಿನ್ನುತ್ತದೆ. 32 ಬಿಟ್ ಫ್ಲೋಟ್ ಆದರೆ ಅದೇ ಲೇಯರ್ 620 ಎಂಬಿ. ಹತ್ತು ಹನ್ನೆರಡು ಲೇಯರ್ ಆದಾಗ ಯಂತ್ರ ನಿಂತುಹೋಗಿ, "ಗಿಂಪ್ ನಿಧಾನ" ಎಂಬ ಹೆಸರು ಬರುವುದು ಇದರಿಂದಲೇ. ಬಣ್ಣದ ಕೆಲಸವನ್ನೆಲ್ಲ ಡಾರ್ಕ್‌ಟೇಬಲ್‌ನಲ್ಲೇ ಮುಗಿಸಿ, ಶೀಟನ್ನು 8 ಬಿಟ್‌ನಲ್ಲೇ ಕಟ್ಟಿ. ಆಮದಾದ ಚಿತ್ರವನ್ನು ಫ್ಲೋಟ್‌ಗೆ ಏರಿಸುವ ಆಯ್ಕೆ ಪ್ರಿಫರೆನ್ಸಸ್‌ನಲ್ಲಿದೆ, ಅದಕ್ಕೆ ಟಿಕ್ ಇದ್ದರೆ ತೆಗೆಯಿರಿ. ಸ್ವಾಪ್ ಫೋಲ್ಡರನ್ನು (ರ‍್ಯಾಮ್ ಸಾಲದಾಗ ಬಳಸುವ ತಾತ್ಕಾಲಿಕ ಜಾಗ) ಎಸ್‌ಎಸ್‌ಡಿಗೆ ತಿರುಗಿಸಿ.

ಮುಖದ ಕೆಲಸ ಮಾತ್ರ 16 ಬಿಟ್ ಟಿಫ್‌ನಲ್ಲಿ, ಬೇರೆ ಫೈಲಾಗಿ. ಚಿತ್ರವನ್ನು ಸೂಕ್ಷ್ಮತೆಯ ಮಟ್ಟಕ್ಕೊಂದು ಲೇಯರ್ ಆಗಿ ಬಿಡಿಸುವ ಗಿಂಪ್‌ನ ವೇವ್‌ಲೆಟ್ ಡಿಕಂಪೋಸ್ ಹಾಕಿದರೆ ಚರ್ಮದ ನುಣುಪು ಒಂದು ಕಡೆ, ಕಲೆ ಮತ್ತೊಂದು ಕಡೆ ಬೇರೆಯಾಗುತ್ತದೆ. ಯಾವ ಸ್ಕೇಲ್‌ನಲ್ಲಿ ಎಷ್ಟು ಮಸುಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಗಿರಾಕಿಗಳು ನನ್ನನ್ನು ಹುಡುಕಿಕೊಂಡು ಬರುವುದೇ ಅದಕ್ಕೆ.

ಸೋತ ಜಾಗ ಪಿಎಸ್‌ಡಿ (ಫೋಟೋಶಾಪ್ ಫೈಲ್) ಟೆಂಪ್ಲೇಟ್. ಮಾರುಕಟ್ಟೆಯಲ್ಲಿ ಸಿಗುವ ಟೆಂಪ್ಲೇಟ್‌ಗಳು ಸ್ಮಾರ್ಟ್ ಆಬ್ಜೆಕ್ಟ್ (ಒಳಗಿನ ಫೋಟೋ ಬದಲಿಸಬಹುದಾದ ಲೇಯರ್) ಮೇಲೆ ನಿಂತಿರುತ್ತವೆ. ಗಿಂಪ್ ಅವನ್ನು ಬರೀ ಚಿತ್ರವಾಗಿ ತೆರೆಯುತ್ತದೆ, ಒಳಗಿನ ಫೋಟೋ ಬದಲಿಸಲಾಗದು. ಬ್ರೌಸರ್‌ನಲ್ಲಿ ನಡೆಯುವ ಫೋಟೋಪಿಯಾ ಅವನ್ನು ಸರಿಯಾಗಿ ತೆರೆಯುತ್ತದೆ. ಆದರೂ ನನ್ನದೇ ನಲವತ್ತರಷ್ಟು ಶೀಟ್ ವಿನ್ಯಾಸ ಕಟ್ಟಿಕೊಂಡ ಮೇಲೆ ಟೆಂಪ್ಲೇಟ್ ಕೊಳ್ಳುವ ಖರ್ಚೂ ನಿಂತಿತು.

ಕನ್ನಡ ಅಕ್ಷರದಲ್ಲಿ ಫ್ರೀ ಸಾಫ್ಟ್‌ವೇರ್ ಹಿಂದೆ ಬಿದ್ದಿಲ್ಲ. ಹಳೆಯ ಫೋಟೋಶಾಪ್ ಆವೃತ್ತಿಗಳಲ್ಲಿ ದಕ್ಷಿಣ ಏಷ್ಯಾ ಲಿಪಿಗಳ ವಿನ್ಯಾಸ ಆರಿಸದಿದ್ದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಕೂರುತ್ತಿತ್ತು. ಗಿಂಪ್‌ನಲ್ಲಿ ಏನೂ ಆರಿಸಬೇಕಿಲ್ಲ. "ತಿರೊ ಕನ್ನಡ", "ಬಾಲೂ ತಮ್ಮ" ಎಂಬ ಎರಡೂ ಉಚಿತ ಫಾಂಟ್, ಎರಡೂ ಚೆನ್ನಾಗಿ ಮೂಡುತ್ತವೆ. ಹಳೆಯ ನುಡಿ ಎನ್ಕೋಡಿಂಗ್‌ನ ಪಠ್ಯವನ್ನು ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಆಫ್‌ಸೆಟ್‌ಗೆ ಹೋಗುವ ಕರೆಯೋಲೆಯ ಅಕ್ಷರವನ್ನು ಗಿಂಪ್‌ನಲ್ಲಿ ಇಡಬೇಡಿ. ಸಿಎಂವೈಕೆಗೆ (ಮುದ್ರಣದ ನಾಲ್ಕು ಶಾಯಿಗಳಿಗೆ) ಬದಲಾಗುವಾಗ ಕಪ್ಪು ನಾಲ್ಕೂ ಬಣ್ಣದ ಮಿಶ್ರಣವಾಗಿ, ಪ್ಲೇಟು ಕೂದಲೆಳೆಯಷ್ಟು ಸರಿದರೂ ಅಕ್ಷರಕ್ಕೆ ಬಣ್ಣದ ನೆರಳು ಬೀಳುತ್ತದೆ. ಅದನ್ನು ಪುಟ ವಿನ್ಯಾಸದ ಉಚಿತ ಸಾಫ್ಟ್‌ವೇರ್ ಸ್ಕ್ರೈಬಸ್ 1.6ರಲ್ಲಿ ಕಪ್ಪು 100, ಉಳಿದದ್ದು ಸೊನ್ನೆ ಮಾಡಿ ಪಿಡಿಎಫ್ ತೆಗೆಯಿರಿ. ಹಳೆಯ 1.4ರಲ್ಲಿ ಕನ್ನಡ ಸರಿಯಾಗಿ ಕೂರುವುದಿಲ್ಲ.

ಚಂದಾದ ಸಾಫ್ಟ್‌ವೇರ್ ಮೇಲುಗೈ ಆಗಿರುವುದು ಎರಡು ಕಡೆ. 2023ರಲ್ಲಿ ಲೈಟ್‌ರೂಮ್‌ಗೆ ಬಂದ, ನಾಯ್ಸ್ ತೆಗೆಯುವ ಎಐ ಡಿನಾಯ್ಸ್‌ಗೆ ಡಾರ್ಕ್‌ಟೇಬಲ್‌ನ ಪ್ರೊಫೈಲ್ಡ್ ಡಿನಾಯ್ಸ್ ಸಮವಲ್ಲ. ರಾತ್ರಿ ಗಂಗಾಪೂಜೆಯಲ್ಲಿ ಐಎಸ್‌ಒ 6400ರ ಫೋಟೋ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ. ನಾನು ಒಂದು ಫ್ಲ್ಯಾಶ್ ಹೆಚ್ಚು ಇಟ್ಟು 1600ರಲ್ಲೇ ನಿಲ್ಲಿಸುತ್ತೇನೆ. ಇನ್ನೊಂದು, ಆರಿಸಿದ ಜಾಗಕ್ಕೆ ಎಐ ಹೊಸ ಚಿತ್ರ ತುಂಬುವ ಜನರೇಟಿವ್ ಫಿಲ್. ಅದಕ್ಕೆ ನೆಟ್ ಬೇಕು, ಜುಲೈನಲ್ಲಿ ನಮ್ಮ ಕಡೆ ನೆಟ್ ಇರುವುದು ಮಳೆಯ ಮರ್ಜಿ.

ಬಿಡುವಿನಲ್ಲಿ ಕಾಫಿ ಹೂವಿನ ಮೇಲೊಂದು ಪ್ರಯೋಗ ನಡೆಸಿದೆ. ಮ್ಯಾಕ್ರೋದಲ್ಲಿ ಗೊಂಚಲು ಪೂರ್ತಿ ಫೋಕಸ್‌ಗೆ ಸಿಗದು. ಫೋಕಸ್ ಸ್ವಲ್ಪಸ್ವಲ್ಪವೇ ಸರಿಸುತ್ತಾ ಹದಿನೈದಿಪ್ಪತ್ತು ಚಿತ್ರ ತೆಗೆದು, ಚಿತ್ರ ಜೋಡಿಸುವ ಉಚಿತ ಸಾಫ್ಟ್‌ವೇರ್ ಹ್ಯೂಗಿನ್ ಜೊತೆ ಬರುವ ಅಲೈನ್ ಸಾಧನದಲ್ಲಿ ಹೊಂದಿಸಿ, ಅವನ್ನು ಒಂದೇ ಚಿತ್ರವಾಗಿ ಬೆಸೆಯುವ ಎನ್‌ಫ್ಯೂಸ್‌ನಲ್ಲಿ ಎಕ್ಸ್‌ಪೋಷರ್ ಮತ್ತು ಸ್ಯಾಚುರೇಷನ್ ತೂಕ ಸೊನ್ನೆ, ಕಾಂಟ್ರಾಸ್ಟ್ ತೂಕ ಒಂದು, ಜೊತೆಗೆ ಹಾರ್ಡ್ ಮಾಸ್ಕ್ ಕೊಟ್ಟರೆ ಎಸಳು ಎಸಳೂ ನಿಚ್ಚಳ. ಗಾಳಿಗೆ ರೆಂಬೆ ಅಲುಗಿದರೆ ಎಸಳಿನ ಅಂಚು ಎರಡೆರಡಾಗಿ ಬರುತ್ತದೆ, ಆ ಸರಣಿಯನ್ನು ಯಾವ ಸಾಫ್ಟ್‌ವೇರೂ ಉಳಿಸದು. ಬೆಳಿಗ್ಗೆ ಬೇಗ ಹೋಗಿ, ರೆಂಬೆಯನ್ನು ಒಂದು ಕೋಲಿಗೆ ಕ್ಲಿಪ್ ಹಾಕಿ ನಿಲ್ಲಿಸಿಕೊಳ್ಳಿ.