ಲ್ಯಾಬ್ ಕಂಪ್ಯೂಟರಿನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಎರಡು ವಿಂಡೋಸ್ ಇದ್ದರಂತೂ ಇವತ್ತೇ ಮಾಡಿ

ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ ಸಿದ್ದಾಪುರದಲ್ಲೂ, ಮಳೆಗಾಲ ಶುರುವಾಯಿತು ಅಂದರೆ ಸಣ್ಣ ಲ್ಯಾಬು, ಸ್ಕ್ಯಾನಿಂಗ್ ಸೆಂಟರುಗಳಿಂದ ಒಂದೇ ಥರದ ಫೋನು ಬರುತ್ತದೆ. "ಸರ್, ಕರೆಂಟು ಹೋಗಿ ಬಂತು, ಕಂಪ್ಯೂಟರ್ ಏಳ್ತಾನೇ ಇಲ್ಲ, ಹೊರಗೆ ಪೇಶೆಂಟ್ ಕೂತಿದ್ದಾರೆ, ಬೇಗ ಆನ್ ಆಗೋ ಹಾಗೆ ಏನಾದ್ರೂ ಮಾಡಿಕೊಡಿ." ಇದರ ಬೆನ್ನಿಗೇ ಇನ್ನೊಂದು ಬೇಡಿಕೆ ಇರುತ್ತದೆ. ಹಳೇ ಮಶಿನ್ನಿನ ಸಾಫ್ಟ್‌ವೇರ್ ವಿಂಡೋಸ್ 7ರಲ್ಲಿ ಮಾತ್ರ ಓಡುತ್ತದೆ, ಬಿಲ್ಲು ಮತ್ತು ರಿಪೋರ್ಟಿನ ಸಾಫ್ಟ್‌ವೇರ್ ಹೊಸ ವಿಂಡೋಸ್ ಕೇಳುತ್ತದೆ, ಎರಡೂ ಒಂದೇ ಕಂಪ್ಯೂಟರಿನಲ್ಲಿ ಇರಲಿ ಅಂತ. ಬೇಗ ಏಳಲಿ ಅಂತ ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಸೌಲಭ್ಯ ಆನ್ ಇಟ್ಟು, ಎರಡು ವಿಂಡೋಸನ್ನೂ ಒಂದೇ ಡಿಸ್ಕಿನಲ್ಲಿ ಸೇರಿಸಿದರೆ ರೋಗಿಗಳ ಫೈಲು ಹಾಳಾಗುವ ದಾರಿ ತೆರೆದ ಹಾಗೆ.

ಕೈ ಹಾಕುವ ಮೊದಲು ಅದು ಯಾವ ಕಂಪ್ಯೂಟರ್ ಅಂತ ನೋಡಿ. ಅಲ್ಟ್ರಾಸೌಂಡ್, ಸಿಟಿ, ಡಿಜಿಟಲ್ ಎಕ್ಸ್‌ರೇ ಜೊತೆಗೆ ಕಂಪನಿಯವರೇ ಕೊಟ್ಟ ಕನ್ಸೋಲ್ ಆಗಿದ್ದರೆ ಅದು ಯಂತ್ರದ್ದೇ ಭಾಗ. ಪರದೆಯ ಮೇಲೆ ವಿಂಡೋಸ್ ಕಾಣಿಸಿತು ಅಂತ ಸೆಟ್ಟಿಂಗ್ ಬದಲಿಸಬೇಡಿ. ಆ ವರ್ಶನ್, ಆ ಡ್ರೈವರ್, ಆ ಸೆಟ್ಟಿಂಗ್ ಎಲ್ಲವನ್ನೂ ಒಟ್ಟಿಗೆ ಪರೀಕ್ಷೆ ಮಾಡಿ ಕಂಪನಿಯವರು ಕೊಟ್ಟಿರುತ್ತಾರೆ. ವೈದ್ಯಕೀಯ ಸಾಫ್ಟ್‌ವೇರಿನಲ್ಲಿ ಮೊದಲ ತಯಾರಿಯಿಂದ ಮುಂದಿನ ಬದಲಾವಣೆವರೆಗೆ ಏನು ಹೇಗೆ ಮಾಡಬೇಕು ಅಂತ ಹೇಳುವ ಐಇಸಿ 62304 ಅನ್ನುವ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಇದೆ. ನಮ್ಮ ದೇಶದಲ್ಲೂ 2020ರ ಫೆಬ್ರವರಿಯ ಅಧಿಸೂಚನೆ ಸಾಫ್ಟ್‌ವೇರನ್ನು ವೈದ್ಯಕೀಯ ಸಾಧನದ ಲೆಕ್ಕಕ್ಕೆ ಸೇರಿಸಿದೆ. ಹಾಗಾಗಿ ಕನ್ಸೋಲಿನ ವಿಷಯಕ್ಕೆ ಕಂಪನಿಯ ಇಂಜಿನಿಯರನ್ನೇ ಕೇಳಿ, ಉತ್ತರವನ್ನು ಬರಹದಲ್ಲಿ ತಗೊಳ್ಳಿ. ನಾನು ಇಲ್ಲಿ ಹೇಳುತ್ತಿರುವುದು ನೀವೇ ಕೊಂಡು ಪಕ್ಕದಲ್ಲಿ ಇಟ್ಟ ಕಂಪ್ಯೂಟರಿನ ಬಗ್ಗೆ. ಸೆಮಿ ಆಟೋ ಅನಲೈಜರ್, ಇಸಿಜಿ, ಸೆಲ್ ಕೌಂಟರಿನಿಂದ ಡೇಟಾ ತಗೊಂಡು ರಿಪೋರ್ಟ್ ಮಾಡುವ ಮಾಮೂಲಿ ಪಿಸಿ.

ಈಗ ಫಾಸ್ಟ್ ಸ್ಟಾರ್ಟಪ್ ವಿಷಯ. ವಿಂಡೋಸ್ 8ರ ಜೊತೆ 2012ರಲ್ಲಿ ಬಂದದ್ದು, 10 ಮತ್ತು 11ರಲ್ಲೂ ಸಾಮಾನ್ಯವಾಗಿ ಆನ್ ಆಗಿಯೇ ಇರುತ್ತದೆ. ನೀವು ಶಟ್ ಡೌನ್ ಒತ್ತಿದಾಗ ವಿಂಡೋಸ್ ನಿಮ್ಮ ಪ್ರೋಗ್ರಾಮುಗಳನ್ನು ಮುಚ್ಚುತ್ತದೆ, ಆದರೆ ತನ್ನ ಒಳಗಿನ ಭಾಗವನ್ನು, ಅಂದರೆ ಕರ್ನಲ್ ಮತ್ತು ಡ್ರೈವರುಗಳನ್ನು, ಇದ್ದ ಸ್ಥಿತಿಯಲ್ಲೇ ಡಿಸ್ಕಿಗೆ ಬರೆದು ಮಲಗುತ್ತದೆ. ಮರುದಿನ ಆನ್ ಮಾಡಿದಾಗ ಅದನ್ನೇ ಓದಿಕೊಂಡು ಏಳುತ್ತದೆ. ನಿನ್ನೆ ಯುಎಸ್‌ಬಿ ಸೀರಿಯಲ್ ಕೇಬಲ್ಲಿನ ಡ್ರೈವರ್ ಸಿಕ್ಕಿಹಾಕಿಕೊಂಡಿತ್ತು ಅಂದರೆ ಇವತ್ತೂ ಅದೇ ಸ್ಥಿತಿಯಲ್ಲಿ ಇರಬಹುದು. "ಆಫ್ ಮಾಡಿ ಆನ್ ಮಾಡಿದೆ ಸರ್, ಆದ್ರೂ ಮಶಿನ್ ಕನೆಕ್ಟ್ ಆಗ್ತಿಲ್ಲ" ಅಂತ ಟೆಕ್ನಿಶಿಯನ್ ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ. ಅವರು ಆಫ್ ಮಾಡಿದ್ದಾರೆ, ವಿಂಡೋಸ್ ಪೂರ್ತಿ ಆಫ್ ಆಗಿಲ್ಲ. ಅದೇ ರೀಸ್ಟಾರ್ಟ್ ಕೊಟ್ಟರೆ ಎಲ್ಲವೂ ಮೊದಲಿನಿಂದ ಲೋಡ್ ಆಗುತ್ತದೆ, ಕೇಬಲ್ ಸರಿಹೋಗುತ್ತದೆ. ಅನುಮಾನ ಇದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಒಳಗೆ ಸಿಪಿಯು ನೋಡಿ, ಅಲ್ಲಿ ಅಪ್ ಟೈಮ್ ಅಂತ ಇದೆ. ದಿನಾ ಸಂಜೆ ಬಂದ್ ಮಾಡುವ ಕಂಪ್ಯೂಟರಿನಲ್ಲಿ ಅದು ಹಲವು ದಿನ ತೋರಿಸಿದರೆ ಕಾರಣ ಇದೇ.

ನಮ್ಮ ಊರಿನವರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ನೀವು ಸರಿಯಾಗಿ ಶಟ್ ಡೌನ್ ಮಾಡಿದರೆ ಮಾತ್ರ ಫಾಸ್ಟ್ ಸ್ಟಾರ್ಟಪ್ ಕೆಲಸಕ್ಕೆ ಬರುತ್ತದೆ. ತಂತಿ ಮೇಲೆ ಮರ ಬಿದ್ದು ಕರೆಂಟು ಏಕಾಏಕಿ ಹೋದರೆ ಡಿಸ್ಕಿಗೆ ಏನನ್ನೂ ಬರೆಯುವ ಸಮಯ ಇರುವುದಿಲ್ಲ, ಮುಂದಿನ ಸಲ ಪೂರ್ತಿ ಬೂಟೇ ಆಗಬೇಕು. ಯಾವ ಹೊತ್ತಿನಲ್ಲಿ ನಿಮಗೆ ಬೇಗ ಬೇಕೋ ಅದೇ ಹೊತ್ತಿನಲ್ಲಿ ಅದು ಇಲ್ಲ. ಮತ್ತೆ ಯಾಕೆ ಇಟ್ಟುಕೊಳ್ಳಬೇಕು, ಅಲ್ವಾ?

ಆಫ್ ಮಾಡುವುದು ಸುಲಭ. ಕಂಟ್ರೋಲ್ ಪ್ಯಾನೆಲ್ ತೆರೆದು ಪವರ್ ಆಪ್ಶನ್ಸ್‌ಗೆ ಹೋಗಿ. ಎಡಗಡೆ ಪವರ್ ಬಟನ್ ಏನು ಮಾಡಬೇಕು ಅಂತ ಆರಿಸುವ ಸಾಲು ಇದೆ, ಅದನ್ನು ಒತ್ತಿ. ಕೆಳಗಿನ ಟಿಕ್‌ಗಳು ಮಸುಕಾಗಿರುತ್ತವೆ, ಮೇಲೆ ಗುರಾಣಿ ಗುರುತಿನ ಸಾಲು ಒತ್ತಿದರೆ ಬದಲಿಸಲು ಬರುತ್ತದೆ. ಫಾಸ್ಟ್ ಸ್ಟಾರ್ಟಪ್ ಮುಂದಿನ ಟಿಕ್ ತೆಗೆದು ಸೇವ್ ಮಾಡಿ. ಆ ಸಾಲೇ ಕಾಣಿಸದಿದ್ದರೆ ಹೈಬರ್ನೇಶನ್, ಅಂದರೆ ಇದ್ದ ಸ್ಥಿತಿಯನ್ನು ಡಿಸ್ಕಿಗೆ ಬರೆದು ಮಲಗುವ ಸೌಲಭ್ಯ, ಮೊದಲೇ ಆಫ್ ಆಗಿದೆ ಅಂತ ಅರ್ಥ, ಒಳ್ಳೆಯದೇ ಆಯಿತು. ವಿಂಡೋಸಿನ ದೊಡ್ಡ ಅಪ್‌ಡೇಟ್ ಬಂದ ಮೇಲೆ ಇದು ಮತ್ತೆ ಆನ್ ಆಗುವುದುಂಟು, ಆಗ ಇನ್ನೊಮ್ಮೆ ನೋಡಿ. ಸೆಟ್ಟಿಂಗ್ ಮುಟ್ಟಲು ಅಡ್ಮಿನ್ ಪಾಸ್‌ವರ್ಡ್ ಇಲ್ಲ, ಆದರೂ ಒಮ್ಮೆ ಪೂರ್ತಿ ಆಫ್ ಮಾಡಬೇಕು ಅಂದರೆ ಶಿಫ್ಟ್ ಕೀ ಒತ್ತಿ ಹಿಡಿದುಕೊಂಡು ಶಟ್ ಡೌನ್ ಕ್ಲಿಕ್ ಮಾಡಿ.

ಬಯಾಸ್ (ಆನ್ ಮಾಡಿದ ಕೂಡಲೇ ವಿಂಡೋಸಿಗಿಂತ ಮೊದಲು ಓಡುವ, ಮದರ್‌ಬೋರ್ಡಿನದೇ ಸಾಫ್ಟ್‌ವೇರ್) ಒಳಗೆ ಫಾಸ್ಟ್ ಬೂಟ್ ಅಂತ ಇರುವುದು ಬೇರೆ. ಅದು ವಿಂಡೋಸ್ ಬರುವ ಮೊದಲಿನ ಕೆಲವು ತಪಾಸಣೆ ಬಿಟ್ಟುಬಿಡುತ್ತದೆ. ಯಾವ ಓಎಸ್ (ವಿಂಡೋಸಿನಂಥ ಮೂಲ ಸಾಫ್ಟ್‌ವೇರ್) ಏಳಬೇಕು ಅಂತ ಆರಿಸಬೇಕಾದ ಕಂಪ್ಯೂಟರಿನಲ್ಲಿ ಅದನ್ನೂ ಆಫ್ ಇಡಿ, ಇಲ್ಲದಿದ್ದರೆ ಯುಎಸ್‌ಬಿ ಕೀಬೋರ್ಡು ಸಮಯಕ್ಕೆ ಸರಿಯಾಗಿ ಏಳದೆ ಬೂಟ್ ಮೆನುವಿನ ಕೀ ಒತ್ತಿದ್ದು ತಿಳಿಯುವುದೇ ಇಲ್ಲ.

ಎರಡು ಓಎಸ್ ಇರುವಲ್ಲಿ ಅಪಾಯ ಜಾಸ್ತಿ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದು ಹೊಸ ವಿಂಡೋಸ್ ಮಲಗಿದ್ದಾಗ ಡಿಸ್ಕಿನಲ್ಲಿ ಯಾವ ಫೈಲು ಎಲ್ಲಿದೆ ಅನ್ನುವ ಲೆಕ್ಕದ ಒಂದು ಭಾಗ, ಮಲಗುವಾಗ ಬರೆದಿಟ್ಟ ಮೆಮೊರಿಯ ಪ್ರತಿಯಲ್ಲೇ ಇರುತ್ತದೆ. ಆಗ ನೀವು ವಿಂಡೋಸ್ 7 ಅಥವಾ ಇನ್ನೊಂದು ಓಎಸ್ ಆದ ಲಿನಕ್ಸಿಗೆ ಬೂಟ್ ಮಾಡಿ, ಎರಡಕ್ಕೂ ಕಾಣುವ ಡಿ ಡ್ರೈವಿನ ಫೋಲ್ಡರಿಗೆ ಇವತ್ತಿನ ರಿಪೋರ್ಟ್ ಹಾಕಿದಿರಿ ಅಂದುಕೊಳ್ಳಿ. ವಾಪಸ್ ಬಂದಾಗ ಹೊಸ ವಿಂಡೋಸ್ ತನ್ನ ಹಳೇ ಲೆಕ್ಕವನ್ನೇ ನಂಬುತ್ತದೆ. ಫೈಲು ಕಾಣೆಯಾಗಬಹುದು, ಫೋಲ್ಡರೇ ಕೆಡಬಹುದು. ಲಿನಕ್ಸ್ ಇಂಥ ಡ್ರೈವನ್ನು ಬರೆಯಲು ಬಿಡದೆ, ಓದಲು ಮಾತ್ರ ತೆರೆಯುತ್ತದೆ ಅಥವಾ ತೆರೆಯುವುದೇ ಇಲ್ಲ. ಅದು ತೊಂದರೆ ಅಂತ ಕಾಣುತ್ತದೆ, ಆದರೆ ನಿಮ್ಮನ್ನು ಕಾಪಾಡುತ್ತಿದೆ. ಬಲವಂತವಾಗಿ ತೆರೆಯುವ ಆದೇಶ ಕೊಡಬೇಡಿ.

ನನ್ನ ಅಭಿಪ್ರಾಯ ಕೇಳಿದರೆ ಒಂದೇ ಡಿಸ್ಕನ್ನು ಭಾಗ ಮಾಡಿ ಎರಡು ಓಎಸ್ ಹಾಕಬೇಡಿ. ಎರಡು ಬೇರೆ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್ಪಿನ ವೇಗದ ಡಿಸ್ಕ್) ಹಾಕಿ. ಒಂದರಲ್ಲಿ ಓಎಸ್ ಹಾಕುವಾಗ ಇನ್ನೊಂದರ ಕೇಬಲ್ ತೆಗೆದಿಡಿ, ಆಗ ಒಂದರ ಬೂಟ್ ಫೈಲು ಇನ್ನೊಂದರ ಮೇಲೆ ಕೂರುವುದಿಲ್ಲ. ಬದಲಾಯಿಸಬೇಕಾದಾಗ ಬಯಾಸಿನ ಬೂಟ್ ಮೆನುವಿನಿಂದ ಆರಿಸಿ. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಹೊಸ ಬೋರ್ಡುಗಳಲ್ಲಿ ವಿಂಡೋಸ್ 7 ಹಾಕುವುದು ಕಷ್ಟ, ಸಹಿ ಇರುವ ಓಎಸ್ ಮಾತ್ರ ಏಳಲು ಬಿಡುವ ಸೆಕ್ಯೂರ್ ಬೂಟ್ ಅದಕ್ಕೆ ಗೊತ್ತಿಲ್ಲ, ಯುಎಸ್‌ಬಿ 3ರ ಡ್ರೈವರೂ ಅದರಲ್ಲಿ ಇಲ್ಲ. ಹಳೇ ಸಾಫ್ಟ್‌ವೇರಿನಲ್ಲಿ ಹಿಂದಿನ ರಿಪೋರ್ಟ್ ನೋಡುವುದಷ್ಟೇ ಕೆಲಸ ಆದರೆ ಹೊಸ ವಿಂಡೋಸಿನ ಒಳಗೇ ಹಳೇ ವಿಂಡೋಸ್ ಓಡಿಸುವ ವರ್ಚುಯಲ್‌ಬಾಕ್ಸ್ ಸಾಕು. ಆದರೆ ಇಸಿಜಿಯ ಹಾಗೆ ಸಿಗ್ನಲ್ ನೇರವಾಗಿ ಹರಿದು ಬರುವ ಕೆಲಸಕ್ಕೆ ವರ್ಚುಯಲ್ ಮಶಿನ್ ನಂಬಬೇಡಿ.

ಜಾಗ ಇದ್ದರೆ ಇದಕ್ಕಿಂತ ಒಳ್ಳೆಯದು ಎರಡು ಕಂಪ್ಯೂಟರ್ ಇಡುವುದು. ಹಳೆಯದು ಮಶಿನ್ನಿಗೆ, ಹೊಸದು ರಿಪೋರ್ಟಿಗೆ. ಹಳೆಯದಕ್ಕೆ ಇಂಟರ್‌ನೆಟ್ ಕೊಡಲೇಬೇಡಿ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2020ರ ಜನವರಿ 14ಕ್ಕೆ, ವಿಂಡೋಸ್ 10ರದ್ದೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 2017ರ ಮೇನಲ್ಲಿ ವಾನಾಕ್ರೈ ವೈರಸ್ ಬ್ರಿಟನ್ನಿನ ಹಲವು ಸರ್ಕಾರಿ ಆಸ್ಪತ್ರೆಗಳ ಕೆಲಸ ನಿಲ್ಲಿಸಿದ್ದು ಅಪ್‌ಡೇಟ್ ಇಲ್ಲದ ಇಂಥ ಕಂಪ್ಯೂಟರುಗಳ ಮೂಲಕವೇ.

ಇನ್ನು ಗಡಿಯಾರ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ರಿಪೋರ್ಟಿಗೆ ಮಾತ್ರ ತುಂಬಾ ಮುಖ್ಯ. ಬೋರ್ಡಿನ ಗಡಿಯಾರವನ್ನು ವಿಂಡೋಸ್ ನಮ್ಮ ಸಮಯ ಅಂತ ಓದುತ್ತದೆ, ಲಿನಕ್ಸ್ ಗ್ರೀನಿಚ್ ಕಡೆಯ ಯುಟಿಸಿ ಅಂತ ಓದುತ್ತದೆ. ಹಾಗಾಗಿ ಲಿನಕ್ಸಿನಿಂದ ವಿಂಡೋಸಿಗೆ ಬಂದಾಗ ಐದೂವರೆ ಗಂಟೆ ಹಿಂದೆ ಹೋಗಿರುತ್ತದೆ. ಬೆಳಿಗ್ಗೆ 10ಕ್ಕೆ ತೆಗೆದ ರಕ್ತಕ್ಕೆ 4.30 ಅಂತ ಬೀಳುತ್ತದೆ. ರಾತ್ರಿ 2 ಗಂಟೆಗೆ ಬಂದ ಎಮರ್ಜೆನ್ಸಿ ಕೇಸಿನ ತಾರೀಖೇ ಹಿಂದಿನ ದಿನದ್ದಾಗುತ್ತದೆ. ಫಾಸ್ಟಿಂಗ್ ಶುಗರ್ ಯಾವುದು, ಊಟದ ನಂತರದ್ದು ಯಾವುದು ಅಂತ ಡಾಕ್ಟರು ಸಮಯ ನೋಡಿಯೇ ಹೇಳುವಾಗ ಇದು ಸಣ್ಣ ತಪ್ಪಲ್ಲ. ಲಿನಕ್ಸ್ ಟರ್ಮಿನಲ್ಲಿನಲ್ಲಿ ಟೈಮ್‌ಡೇಟ್‌ಸಿಟಿಎಲ್ ಆದೇಶದ ಜೊತೆ ಸೆಟ್-ಲೋಕಲ್-ಆರ್‌ಟಿಸಿ 1 ಅಂತ ಕೊಟ್ಟರೆ ಅದೂ ನಮ್ಮ ಸಮಯವನ್ನೇ ಬಳಸುತ್ತದೆ. ಬೇಸಿಗೆಗೊಮ್ಮೆ ಗಡಿಯಾರ ಬದಲಿಸುವ ದೇಶಗಳಲ್ಲಿ ಇದು ಗೊಂದಲ ಮಾಡುತ್ತದೆ ಅಂತ ಎಚ್ಚರಿಕೆ ಬರುತ್ತದೆ, ಭಾರತದಲ್ಲಿ ಆ ಪದ್ಧತಿ ಇಲ್ಲ, ಧೈರ್ಯವಾಗಿ ಮಾಡಿ. ಹಾಗೇ ಬೋರ್ಡಿನ ಸಿಆರ್2032 ಸೆಲ್ ನೋಡಿ. ಅದು ಸತ್ತರೆ ತಾರೀಖು ಹಾಳಾಗುತ್ತದೆ, ಬೂಟ್ ಕ್ರಮವೂ ಮೊದಲಿನದಕ್ಕೆ ಹೋಗಿ ಬೇರೆ ಓಎಸ್ ಎದ್ದು ಕೂರಬಹುದು. ಕರಾವಳಿಯ ಉಪ್ಪು ಗಾಳಿಗೆ ಸೆಲ್ ಕೂರುವ ಜಾಗ ತುಕ್ಕು ಹಿಡಿಯುತ್ತದೆ, ಸೆಲ್ ಬದಲಿಸುವಾಗ ಅದನ್ನೂ ಒರೆಸಿ.

ಹಾಗಾದರೆ ವೇಗ ಎಲ್ಲಿಂದ ಬರಬೇಕು? ಹಳೇ ಹಾರ್ಡ್ ಡಿಸ್ಕ್ ಇದ್ದರೆ ಎಸ್‌ಎಸ್‌ಡಿ ಹಾಕಿ, ಉಳಿದ ಎಲ್ಲಾ ಉಪಾಯಕ್ಕಿಂತ ಇದೇ ದೊಡ್ಡದು. ಅದರ ಮೇಲೆ ಫಾಸ್ಟ್ ಸ್ಟಾರ್ಟಪ್ ಉಳಿಸುವುದು ಕೆಲವೇ ಸೆಕೆಂಡು. ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದ್ದನ್ನು ತೆಗೆಯಿರಿ. ಸರ್ವರ್ ಇನ್ನೂ ಆನ್ ಆಗಿಲ್ಲದಿದ್ದರೂ ಅದರ ಡ್ರೈವ್ ಹುಡುಕುತ್ತಾ ಕೂರುವ ಕಂಪ್ಯೂಟರುಗಳು ಬಹಳ ಇವೆ, ಅಂಥಲ್ಲಿ ಮೊದಲು ಸರ್ವರ್ ಆನ್ ಮಾಡಿ. ಅನಲೈಜರಿನ ಲ್ಯಾಂಪ್ ಬಿಸಿಯಾಗಲು ಹೇಗೂ ಕೆಲವು ನಿಮಿಷ ಬೇಕು, ಕಂಪ್ಯೂಟರ್ ಇಪ್ಪತ್ತು ಸೆಕೆಂಡು ಮೊದಲು ಎದ್ದು ಏನೂ ಲಾಭ ಇಲ್ಲ.

ನಿಜವಾದ ವೇಗ ಅಂದರೆ ಕಂಪ್ಯೂಟರ್ ಆಫ್ ಆಗದೇ ಇರುವುದು. ಯುಪಿಎಸ್ ಬೇಕೇ ಬೇಕು. ಮನೆಯ ಇನ್ವರ್ಟರಿಗೆ ಜೋಡಿಸಿದ್ದರೆ ಅದರ ಹಿಂದೆ ಯುಪಿಎಸ್ ಮೋಡ್ ಸ್ವಿಚ್ ಇದೆಯಾ ನೋಡಿ, ಸಾಧಾರಣ ಮೋಡಿನಲ್ಲಿ ಬದಲಾವಣೆ ನಿಧಾನ, ಅಷ್ಟರಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಿರುತ್ತದೆ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಹಾಕಬೇಡಿ, ಬಿಸಿಯಾಗುವಾಗ ಅದು ಎಳೆಯುವ ಕರೆಂಟಿಗೆ ಯುಪಿಎಸ್ ಕೈಕೊಡಬಹುದು. ಬಯಾಸಿನಲ್ಲಿ ಕರೆಂಟು ವಾಪಸ್ ಬಂದಾಗ ಏನು ಮಾಡಬೇಕು ಅನ್ನುವ ಆಯ್ಕೆಯನ್ನು ಆಫ್ ಇಡಿ. ಆಷಾಢದ ಗಾಳಿಯಲ್ಲಿ ಕರೆಂಟು ಬಂದು ಹೋಗಿ ಬಂದು ಹೋಗಿ ಆಡುತ್ತದೆ. ತಾನೇ ಆನ್ ಆಗುವ ಕಂಪ್ಯೂಟರ್ ಪ್ರತಿ ಸಲ ಬೂಟ್ ಮಧ್ಯದಲ್ಲೇ ಸತ್ತು ಡಿಸ್ಕ್ ಕೆಡುತ್ತದೆ. ಸ್ವಲ್ಪ ತಡೆದು, ಕರೆಂಟು ಸ್ಥಿರವಾಗಿ ಬರುತ್ತಿದೆ ಅಂತ ನೋಡಿ, ನೀವೇ ಬಟನ್ ಒತ್ತಿ.

ಈ ಯಾವುದನ್ನೂ ಮಾಡುವ ಮೊದಲು ಡಿಸ್ಕಿನ ಪೂರ್ತಿ ನಕಲು ತೆಗೆಯಿರಿ. ಕ್ಲೋನ್‌ಜಿಲ್ಲಾ ಉಚಿತ. ನಕಲಿಗೆ ಮೊದಲು ಶಿಫ್ಟ್ ಹಿಡಿದು ಶಟ್ ಡೌನ್ ಮಾಡಲೇಬೇಕು, ಅರೆಮಲಗಿದ ವಿಂಡೋಸಿನ ನಕಲು ಸರಿಯಾಗಿ ಬರುವುದಿಲ್ಲ. ನಕಲು ಮಾಡಿದ ಎಸ್‌ಎಸ್‌ಡಿಯನ್ನು ಲ್ಯಾಬಿನ ಕಪಾಟಿನಲ್ಲೇ ಇಡಿ. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಎನ್‌ಎಚ್ 66 ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು. ಅಂಥ ಸಮಯದಲ್ಲಿ ಮಂಗಳೂರಿನಿಂದ ಕಾರವಾರಕ್ಕೆ ಇಂಜಿನಿಯರ್ ಬರುವವರೆಗೆ ಪರೀಕ್ಷೆ ನಿಲ್ಲಿಸಲು ಆಗುತ್ತದೆಯೇ?

ಸೆಟ್ಟಿಂಗ್ ಎಲ್ಲ ಮುಗಿದ ಮೇಲೆ ಎರಡೂ ಓಎಸ್‌ಗೆ ಒಂದೊಂದು ಸಲ ಹೋಗಿ ಬನ್ನಿ. ತಾರೀಖು, ಸಮಯ, ಮಶಿನ್ನಿನ ಕೇಬಲ್ಲಿಗೆ ವಿಂಡೋಸ್ ಕೊಡುವ ಕಾಮ್ ಪೋರ್ಟಿನ ನಂಬರು ಮೊದಲಿನ ಹಾಗೇ ಇವೆಯಾ ನೋಡಿ. ಪೋರ್ಟ್ ನಂಬರು ಬದಲಾಗಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಹಳೆಯದಕ್ಕೇ ಸರಿಪಡಿಸಿ. ಆಮೇಲೆ ಅಂಕಿ ಮೊದಲೇ ಗೊತ್ತಿರುವ ಕಂಟ್ರೋಲ್ ಸೀರಂ ಓಡಿಸಿ, ಮಶಿನ್ನಿನ ಪರದೆಯಲ್ಲಿ ಬಂದ ಅಂಕಿ ಮತ್ತು ರಿಪೋರ್ಟಿನಲ್ಲಿ ಬಂದ ಅಂಕಿ ಒಂದೇ ಇದೆಯಾ ಅಂತ ಇಬ್ಬರು ಕೂತು ಹೋಲಿಸಿ. ಎರಡೂ ತಾಳೆಯಾದ ಮೇಲೆ ಪೇಶೆಂಟ್ ಸ್ಯಾಂಪಲ್ ಹಾಕಿ.